ಪಿತ್ರಾರ್ಜಿತಕ್ಕೆ ಬೇಡದಿದ್ದ ಉಯಿಲು

ಹೊಳೆನರಸೀಪುರದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಹಿರಿಯರ ಮುಂದೆ ಉಯಿಲಿನ ಮಾತೆತ್ತಿದರೆ, ‘ನಮ್ಮಪ್ಪ ಬರೆದಿಟ್ಟು ಹೋಗಿದ್ರಾ, ನಮ್ಮ ತಾತ ಬರೆದಿದ್ರಾ?’ ಎಂಬ ಮರುಪ್ರಶ್ನೆ ಬರುವುದು ಸಹಜ. ಇತಿಹಾಸದ ಮಟ್ಟಿಗೆ ಆ ಪ್ರಶ್ನೆ ನ್ಯಾಯವಾದದ್ದೇ. ಕ್ರಿ.ಶ. 1100ರ ಆಸುಪಾಸಿನಲ್ಲಿ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ವೇ ಮುಂದೆ ಮೈಸೂರು ಸೀಮೆಯ ಹಿಂದೂ ಮನೆತನಗಳ ಆಸ್ತಿ ಕಾನೂನಿಗೆ ಆಧಾರವಾಯಿತು. ಅದರಂತೆ ಗಂಡುಮಗುವಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು. ಅಪ್ಪ ಯಜಮಾನನೇ ಹೊರತು ಪೂರ್ತಿ ಒಡೆಯನಲ್ಲ; ಅವನು ತೀರಿಕೊಂಡರೆ ಅವನ ಅಂಶ ಉಳಿದ ಗಂಡಸರಲ್ಲೇ ಕೂಡಿಕೊಳ್ಳುತ್ತಿತ್ತು. ಅದನ್ನು ಇಂಥವರಿಗೆಂದು ಬರೆದಿಡುವ ಅಧಿಕಾರವೇ ಅವನಿಗಿರಲಿಲ್ಲ. ಸ್ವಯಾರ್ಜಿತವಿದ್ದವರ ಮಾತು ಬೇರೆ. ಹೊಲಗದ್ದೆಯನ್ನೇ ನಂಬಿದ ಮನೆಯಲ್ಲಿ ಅದೆಷ್ಟಿದ್ದೀತು? ತಾತಂದಿರು ಬರೆಯದಿದ್ದದ್ದು ಉದಾಸೀನದಿಂದಲ್ಲ.

ತಾನು ಹೋದಮೇಲೂ ತನ್ನ ಇಷ್ಟ ನಡೆಯಬೇಕೆಂಬ ಆಸೆಗೆ ಈ ಸೀಮೆಯಲ್ಲಿದ್ದ ದಾರಿ ದಾನಶಾಸನ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1123ರಲ್ಲಿ ಶಾಂತಲದೇವಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. 1181ರಲ್ಲಿ, ಶೈವ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ ತನ್ನ ಜಿನಧರ್ಮಕ್ಕಾಗಿ ಅಕ್ಕನ ಬಸದಿ ಕಟ್ಟಿಸಿದಳು. ಇಂಥ ಬಸದಿಗಳಿಗೆ ಬಿಟ್ಟ ಭೂಮಿಯ ಶಾಸನಗಳಲ್ಲಿ ನೆಲದ ಎಲ್ಲೆ, ದಾನದ ಉದ್ದೇಶ, ಅಳಿಪಿದವರಿಗೆ ಶಾಪ ಎಲ್ಲವೂ ಉಂಟು. ಆದರೆ ಅದು ಬದುಕಿರುವಾಗಲೇ ಕೈಬಿಟ್ಟ ಆಸ್ತಿ, ಅದೂ ಅರಮನೆಯ ಆಸರೆಯಿದ್ದವರದ್ದು. ಸಾಮಾನ್ಯ ಹೆಂಗಸು ತನ್ನ ಸ್ತ್ರೀಧನವನ್ನು ಉಯಿಲಿನಲ್ಲಿ ಬರೆದಿಡಬಹುದೆಂದು ಸ್ಪಷ್ಟ ಮಾತಿನಲ್ಲಿ ಹೇಳಿದ್ದು ಮೈಸೂರು ಸಂಸ್ಥಾನದ 1933ರ ಮಹಿಳಾ ಹಕ್ಕುಗಳ ಕಾಯಿದೆ. ಒಟ್ಟುಕುಟುಂಬದ ತನ್ನ ಅಂಶದ ಮೇಲೆ ಗಂಡಸಿಗೆ ಅದೇ ಸ್ವಾತಂತ್ರ್ಯ ಸಿಕ್ಕಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಹೆಂಡತಿಗಿಂತ 23 ವರ್ಷ ತಡವಾಗಿ ಎಂಬುದನ್ನು ನಮ್ಮ ಯಜಮಾನರು ಗಮನಿಸಿದಂತಿಲ್ಲ.

ಆಮೇಲೆ ನೆಲವೂ ಕಾನೂನೂ ಬದಲಾದವು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು, ನಾಲೆ ನೀರು ಬಂದಲ್ಲೆಲ್ಲ ಖುಷ್ಕಿ ಜಮೀನಿನ ಬೆಲೆ ಏರಿತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಆವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಹುಟ್ಟುಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಉಯಿಲೆಂದರೆ ಈ ಹೆಣ್ಣುಮಕ್ಕಳನ್ನು ಹೊರಗಿಡುವ ಉಪಾಯ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಅಪ್ಪ ಬರೆಯಬಹುದಾದದ್ದು ತನ್ನ ಅಂಶವನ್ನಷ್ಟೇ. ಮಗಳ ಹುಟ್ಟುಹಕ್ಕನ್ನು ಅವನ ಉಯಿಲು ಮುಟ್ಟಲಾರದು. ಉಯಿಲಿಲ್ಲದಿದ್ದರೆ ಅನ್ಯಾಯವಾಗುವುದು ಮುಖ್ಯವಾಗಿ ಮಕ್ಕಳಿಲ್ಲದ ವಿಧವೆಯ ಇಚ್ಛೆಗೆ. ಸ್ವಂತ ದುಡಿಮೆಯಲ್ಲಿ ಅವಳು ಹಾಸನದಲ್ಲೊಂದು ನಿವೇಶನ ಕೊಂಡಿದ್ದರೆ, 1956ರ ಕಾಯಿದೆಯ 15ನೆಯ ಕಲಮಿನಂತೆ ಅದು ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಕಡೆಗಾಲದಲ್ಲಿ ಗಂಜಿ ಕಾಯಿಸಿಕೊಟ್ಟ ತಮ್ಮನ ಮಗಳು ಪೌತಿ ಖಾತೆಗೆ ಅರ್ಜಿ ಹಾಕುವ ಹಾಗೂ ಇಲ್ಲ.

ಬರೆದಿಟ್ಟರೆ ವ್ಯಾಜ್ಯ ತಪ್ಪೀತೇ ಎಂದು ಕೇಳುವವರಿಗೆ ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಒಳ್ಳೆಯ ಉದಾಹರಣೆ. ಉಯಿಲು ಬರೆಸುವುದರಲ್ಲಿ ಮುಂದಾಗಿ ನಿಂತವನೇ ಅದರಿಂದ ದೊಡ್ಡ ಲಾಭ ಪಡೆಯುವುದಾದರೆ ಅನುಮಾನ ನೀಗಿಸುವ ಹೊಣೆಯೂ ಅವನದೇ ಎಂದು 1958ರ ನವೆಂಬರಿನಲ್ಲಿ ಹೇಳಿದ ಕೋರ್ಟು ಆ ಉಯಿಲನ್ನು ಒಪ್ಪಲಿಲ್ಲ. ಕೊನೆಯುಸಿರಿನ ಹೊತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಕ್ಕೂ ಗಟ್ಟಿಮುಟ್ಟಾಗಿದ್ದಾಗ ಬರೆದ ಉಯಿಲಿಗೂ ಇರುವ ಅಂತರ ಇದೇ. ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ರುಜು ಕಡ್ಡಾಯ. ಆ ಇಬ್ಬರಲ್ಲಿ ಪಾಲು ಪಡೆಯುವವರು ಇಲ್ಲದಿರುವುದು ಲೇಸು.