ಹಾಡು ಕಲಿಯಾಕ ಕಾಲೇಜು ಯಾಕ?

ಈ ವರ್ಷ ಸಂಗೀತದ ಪದವಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಮನೆಯಲ್ಲಿ ಈ ಮಾತು ತೆಗೆದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಹಾಡು ಕಲಿಯಾಕ ಕಾಲೇಜು ಯಾಕ ಬೇಕೋ ತಮ್ಮಾ?" ನೌಕರಿ ಸಿಗುತ್ತಾ, ಖರ್ಚೆಷ್ಟು ಎಂದು ಕೇಳಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ. ಇದು ಅಷ್ಟು ಸುಲಭದ ಪ್ರಶ್ನೆಯಲ್ಲ. ಮೂರು ವರ್ಷ ಮತ್ತು ಅಪ್ಪನ ದುಡ್ಡು ಎರಡೂ ಇದರ ಮೇಲೆ ನಿಂತಿವೆ. ಹಾಗಾಗಿ ಪ್ರಾಸ್ಪೆಕ್ಟಸ್ ಪಕ್ಕಕ್ಕಿಟ್ಟು ಸ್ವಲ್ಪ ಚರಿತ್ರೆ ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮದು ಲಿಂಗಸುಗೂರು ತಾಲೂಕಿನ ಗುರುಗುಂಟಾ. ಅಮರೇಶ್ವರನ ಜಾತ್ರೆಗೆ ಬಂದವರಿಗೆ ಊರು ಗೊತ್ತಿರುತ್ತದೆ. ಒಂದು ಕಾಲಕ್ಕೆ ಇದು ನಿಜಾಮನಿಗೆ ಕಪ್ಪ ಕೊಡುತ್ತಿದ್ದ ಸಣ್ಣ ಸಂಸ್ಥಾನ. ಇಲ್ಲಿ ಹಾಡಿಗೆ ಬರ ಇರಲಿಲ್ಲ. ಭಜನೆ, ತತ್ವಪದ, ಮೊಹರಮ್ಮಿನ ಹಾಡು ಎಲ್ಲವೂ ಇದ್ದವು. ದೂರ ಇದ್ದದ್ದು ವಿಶ್ವವಿದ್ಯಾಲಯ ಮಾತ್ರ. ನಿಜಾಮರ ಕಾಲದಲ್ಲಿ ನಮ್ಮ ಪಾಲಿಗೆ ಇದ್ದದ್ದು 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ, ಅದೂ ಉರ್ದು ಮಾಧ್ಯಮದ್ದು. 1956ರ ಏಕೀಕರಣದ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ನಮ್ಮದಾಯಿತು. 1980ರಲ್ಲಿ ಗುಲ್ಬರ್ಗ ಬಂತು. ಈಚೆಗೆ ರಾಯಚೂರಿನಲ್ಲೇ ಒಂದು ವಿಶ್ವವಿದ್ಯಾಲಯವಾಗಿದೆ. ಪದವಿ ವರ್ಷದಿಂದ ವರ್ಷಕ್ಕೆ ಮನೆಗೆ ಹತ್ತಿರ ಬಂತು, ಸರಿ. ಸಂಗೀತವೂ ಅದರ ಜೊತೆಗೇ ಬಂತಾ?

ನಮ್ಮ ಜಿಲ್ಲೆಯ ದೊಡ್ಡ ಗಾಯಕ ಅಂದರೆ ಸಿದ್ಧರಾಮ ಜಂಬಲದಿನ್ನಿ. ವಚನಗಾಯನ ಅಂದಕೂಡಲೆ ನೆನಪಾಗುವ ಹೆಸರು. ರಾಯಚೂರಿನ ರಂಗಮಂದಿರಕ್ಕೆ ಇಟ್ಟಿರುವುದೂ ಅವರ ಹೆಸರನ್ನೇ. ಅವರು ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ, ಪಂಚಾಕ್ಷರ ಗವಾಯಿಗಳ ಬಳಿ. ಕಣ್ಣಿಲ್ಲದ ಗವಾಯಿಗಳು ಬಡ ಮಕ್ಕಳನ್ನೂ ಅಂಧ ಮಕ್ಕಳನ್ನೂ ಕಟ್ಟಿಕೊಂಡು ಊರೂರು ತಿರುಗಿ, ನಾಟಕ ಆಡಿಸಿ, ಅನ್ನ ಹಾಕಿ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದರು. ಅಲ್ಲಿ ಫೀ ಇಲ್ಲ, ಸೆಮಿಸ್ಟರ್ ಇಲ್ಲ. ಅಪ್ಪನ ಪ್ರಶ್ನೆಯ ಬೆನ್ನಿಗೆ ಇರುವುದು ಈ ಚಿತ್ರವೇ ಅಂತ ನನಗನ್ನಿಸುತ್ತದೆ.

ಇನ್ನು ಕಾಲೇಜಿನ ಕಡೆಯ ಕತೆ. ಬರೋಡಾದಲ್ಲಿ ಮೌಲಾ ಬಕ್ಷ್ 1886ರಲ್ಲೇ ಸಂಗೀತ ಶಾಲೆ ತೆರೆದಿದ್ದರು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಶುರು ಮಾಡಿದರು. ಭಾತಖಂಡೆಯವರು ಊರೂರು ಅಲೆದು, ಉಸ್ತಾದರ ಬಾಯಲ್ಲಿದ್ದ ಚೀಜುಗಳನ್ನು ಸ್ವರಲಿಪಿಗೆ ಇಳಿಸಿ, ರಾಗಗಳನ್ನು ಹತ್ತು ಥಾಟ್‌ಗಳಲ್ಲಿ ಜೋಡಿಸಿದರು. 1926ರಲ್ಲಿ ಲಖನೌನಲ್ಲಿ ಅವರ ಪ್ರಯತ್ನದಿಂದ ಕಾಲೇಜಾಯಿತು. ಪಲುಸ್ಕರರು 1931ರಲ್ಲಿ ತೀರಿಕೊಂಡ ಮೇಲೆ ಅವರ ಶಿಷ್ಯರು ಕಟ್ಟಿದ ಮಂಡಲ ಈಗಲೂ ಪ್ರಾರಂಭಿಕದಿಂದ ಅಲಂಕಾರದವರೆಗೆ ಪರೀಕ್ಷೆ ನಡೆಸುತ್ತದೆ. ಪಠ್ಯಕ್ರಮ, ಇಷ್ಟು ರಾಗ, ಇಷ್ಟು ಅಂಕ... ನಾವು ಇವತ್ತು ನೋಡುವ ಸಿಲಬಸ್ಸಿನ ಬೇರು ಇಲ್ಲಿದೆ.

ಓದುತ್ತಾ ನನಗೆ ಬಹಳ ಖುಷಿ ಕೊಟ್ಟ ಸಂಗತಿ ಒಂದಿದೆ. ಪಲುಸ್ಕರರು ಕಲಿತದ್ದು ಮಿರಜಿನಲ್ಲಿ, ಬಾಲಕೃಷ್ಣಬುವಾ ಇಚಲಕರಂಜಿಕರರ ಹತ್ತಿರ. ಅದೇ ಬುವಾ ಅವರ ಇನ್ನೊಬ್ಬ ಶಿಷ್ಯರು ನೀಲಕಂಠಬುವಾ ಆಲೂರಮಠ. ಈ ನೀಲಕಂಠಬುವಾ ಅವರ ಹತ್ತಿರವೇ ಪಂಚಾಕ್ಷರ ಗವಾಯಿಗಳೂ ಮಲ್ಲಿಕಾರ್ಜುನ ಮನ್ಸೂರರೂ ಕಲಿತದ್ದು. ಅಂದರೆ ಪರೀಕ್ಷೆಯ ಸಂಗೀತವೂ ಆಶ್ರಮದ ಸಂಗೀತವೂ ಒಂದೇ ಮನೆಯ ಎರಡು ಕವಲು! ನಾವೇ ಸುಮ್ಮನೆ ಅವೆರಡನ್ನೂ ಎದುರುಬದುರು ನಿಲ್ಲಿಸಿ ಜಗಳ ಹಚ್ಚುತ್ತಿದ್ದೇವೆ.

ಈ ಎರಡು ಕವಲು ಮತ್ತೆ ಕೂಡಿದ ಜಾಗ ಧಾರವಾಡ. ಮನ್ಸೂರರು ಶಾಲೆ ಓದಿದ್ದು ಕೆಲವೇ ತರಗತಿ, ಗಂಗೂಬಾಯಿ ಹಾನಗಲ್ಲರದ್ದೂ ಅಷ್ಟೇ. ಆದರೂ ಕರ್ನಾಟಕ ವಿಶ್ವವಿದ್ಯಾಲಯ ಮನ್ಸೂರರನ್ನು ತನ್ನ ಸಂಗೀತ ವಿಭಾಗಕ್ಕೆ ನಿರ್ದೇಶಕರನ್ನಾಗಿ ಕರೆಯಿತು, ಗಂಗೂಬಾಯಿಯವರನ್ನು ಗೌರವ ಪ್ರಾಧ್ಯಾಪಕಿಯನ್ನಾಗಿ ಮಾಡಿತು. ಮುಂದೆ ಪುಣ್ಯಾಶ್ರಮದಲ್ಲಿ ಪುಟ್ಟರಾಜರ ಬಳಿ ಹನ್ನೆರಡು ವರ್ಷ ಕಲಿತ ಎಂ. ವೆಂಕಟೇಶಕುಮಾರರು ಅದೇ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದರು. ಧಾರವಾಡದ ಪದವಿಗೆ ಬೆಲೆ ಬಂದದ್ದು ಸಿಲಬಸ್ಸಿನಿಂದ ಅಲ್ಲ, ತರಗತಿಯೊಳಗೆ ಬಂದು ಕೂತ ಇಂಥ ಗುರುಗಳಿಂದ. ಗುರು ಒಳಗಿದ್ದಾಗ ಕಾಲೇಜು ಗುರುಕುಲ, ಗುರು ಎದ್ದು ಹೋದರೆ ಬರೀ ಟೈಮ್‌ಟೇಬಲ್.

ಹಾಗಂತ ಹಳೆಯದನ್ನು ಹೊಗಳಿ ಕೂರಲಾರೆ. ಗುರುಕುಲದಲ್ಲಿ ಒಳಗೆ ಬಿಡುವುದೂ ಬಿಡದಿರುವುದೂ ಗುರುವಿನ ಮರ್ಜಿ. ಗಂಗೂಬಾಯಿಯವರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ಜಾತಿಯ ಕಾರಣಕ್ಕೂ ಹೆಣ್ಣೆಂಬ ಕಾರಣಕ್ಕೂ ಅವರು ಕೇಳಿದ ಮಾತು ಕಡಿಮೆಯಲ್ಲ. ಅಂಥ ಛಲ ಎಲ್ಲರಿಗೂ ಇರುವುದಿಲ್ಲ, ಇರಬೇಕು ಎಂದು ಕೇಳುವುದೂ ತಪ್ಪು. ಕಾಲೇಜಿನಲ್ಲಿ ಸೀಟು ಯಾರ ಕೃಪೆಯೂ ಅಲ್ಲ, ಹಕ್ಕು. 371(ಜೆ) ಬಂದ ಮೇಲೆ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ನಮ್ಮಲ್ಲಿನ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಮೀಸಲು. ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಇದೇ: ಯಾರ ಕಾಲಿಗೂ ಬೀಳದೆ ಕಲಿಯಲಿಕ್ಕೆ ಕಾಲೇಜು ಬೇಕು.

ಉಳಿದರ್ಧ ಉತ್ತರ ಆಯಾ ಕಾಲೇಜೇ ಕೊಡಬೇಕು. ಧಾರವಾಡ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗ ಇದೆ, ಮೈಸೂರಿನಲ್ಲಿ ಗಂಗೂಬಾಯಿಯವರ ಹೆಸರಿನದೇ ವಿಶ್ವವಿದ್ಯಾಲಯ ಇದೆ. ಅರ್ಜಿ ತುಂಬುವ ಮೊದಲು ಹೋಗಿ ಕೇಳಬೇಕೆಂದು ಬರೆದಿಟ್ಟುಕೊಂಡಿರುವುದು ಇಷ್ಟು:

ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಈ ವರ್ಷ ಕಲಿಸಿದವರು ಮುಂದಿನ ವರ್ಷವೂ ಇರುತ್ತಾರಾ?

ಅವರು ಈಗಲೂ ವೇದಿಕೆಯಲ್ಲಿ ಹಾಡುತ್ತಾರಾ? ಯಾವ ಘರಾಣೆ?

ಹಾಡುವ ತರಗತಿಯಲ್ಲಿ ಒಂದು ಸಲಕ್ಕೆ ಎಷ್ಟು ಜನ? ವಾರದಲ್ಲಿ ಎಷ್ಟು ತಾಸು ನನ್ನ ದನಿಯೊಂದನ್ನೇ ಕೇಳಿ ತಿದ್ದುತ್ತಾರೆ?

ತಬಲಾ ಸಾಥಿಗೆ ಜನ ಇದ್ದಾರಾ, ಅಥವಾ ಮಷೀನಾ?

ಹಾಸ್ಟೆಲಿನಲ್ಲಿ ಬೆಳಗ್ಗೆ ಐದಕ್ಕೆ ಷಡ್ಜ ಹಿಡಿದು ಕೂತರೆ ಬಯ್ಯುತ್ತಾರಾ? ನಗಬೇಡಿ, ರಿಯಾಜಿಗೆ ಜಾಗ ಇಲ್ಲದ ಕಡೆ ಮೂರು ವರ್ಷ ಇದ್ದು ಏನು ಮಾಡಲಿ?

371(ಜೆ) ಸೀಟು ಈ ಕೋರ್ಸಿಗೆ ಉಂಟಾ?

ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ?

ಕಟ್ಟಡ, ಗ್ರೇಡು, ರ‍್ಯಾಂಕು ಪಟ್ಟಿಯಲ್ಲಿ ಇಲ್ಲ. ಪಂಚಾಕ್ಷರ ಗವಾಯಿಗಳ ಹತ್ತಿರ ಅವು ಯಾವುವೂ ಇರಲಿಲ್ಲ.

ಮೊದಲು ಧಾರವಾಡಕ್ಕೆ ಹೋಗುತ್ತೇನೆ, ಒಂದಿಡೀ ದಿನ ತರಗತಿಯ ಹಿಂದಿನ ಸಾಲಿನಲ್ಲಿ ಕೂರಲು ಬಿಡಿ ಎಂದು ಕೇಳುತ್ತೇನೆ. ವಿದ್ಯಾರ್ಥಿ ತಪ್ಪು ಹಾಡಿದಾಗ ಗುರುಗಳು ಪುಸ್ತಕ ತೋರಿಸುತ್ತಾರೋ, ತಾವೇ ಹಾಡಿ ತೋರಿಸುತ್ತಾರೋ ನೋಡಬೇಕು. ಹಾಡಿ ತೋರಿಸಿದರೆ ಅರ್ಜಿ ಅಲ್ಲೇ ತುಂಬುತ್ತೇನೆ.

ನಿಮ್ಮಲ್ಲಿ ಯಾರಾದರೂ ಸಂಗೀತದಲ್ಲಿ ಪದವಿ ಮಾಡಿದ್ದರೆ, ಈ ಪಟ್ಟಿಗೆ ಇನ್ನೇನು ಸೇರಿಸಬೇಕು ಅಂತ ತಿಳಿಸಿ.