ರೂಪಾಯಿಗೂ ಒಂದು ಗಡಿ



ಗಡಿ ಎಂದರೇನು ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡಿನ ಜನ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಆದರೂ ಬೆಳಗಾಗುವಾಗ ಅವರ ರಾಜ್ಯ ಬೇರೆಯಾಗಿತ್ತು. ಆದವಾನಿ, ರಾಯದುರ್ಗದ ಕಡೆಯವರಿಗೆ ಅಂಥ ಬೆಳಗು 1953ರ ಅಕ್ಟೋಬರ್ 1ರಂದೇ ಬಂದಿತ್ತು. ಕದಲಿದ್ದು ಜನರಲ್ಲ, ಗೆರೆ.

ಇಂದು ನಾನು ಹೇಳಹೊರಟದ್ದು ಹಣಕ್ಕೆ ಬಂದ ಇಂಥದೇ ಒಂದು ಗೆರೆಯ ಕಥೆ. ಕೊಲ್ಲಿಯ ನಾಡುಗಳಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಆ ಗೆರೆಯನ್ನು ಹೇಗೆ ದಾಟುತ್ತ ಬಂತು, ಇಂದು ಫೋನಿನೊಳಗೆ ಟಿಣ್ ಎಂದು ಸದ್ದು ಮಾಡಿ ‘ಜಮೆ ಆಯಿತು’ ಎನ್ನುವ ತನಕ ಹೇಗೆ ಬಂತು, ಇದು ವಿಷಯ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡೆ ಈ ಹಣ ಕಾಣದ ಊರು ಅಪರೂಪ. ಉಳಿದ ಗಡಿಗಳ ಕೇಳುಗರಲ್ಲೂ ಮಗನೋ ಮಗಳೋ ಹೊರದೇಶದಲ್ಲಿರುವವರು ಈಗ ಕಡಿಮೆಯಲ್ಲ. ಹಾಗಾಗಿ ಇದು ಎಲ್ಲರ ಕಥೆ.

ದುಬೈಯಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು ಎಂದರೆ ಇಂದಿನ ಮಕ್ಕಳು ನಂಬಲಿಕ್ಕಿಲ್ಲ. ಆದರೆ ಅದು ನಿಜ. ಬ್ರಿಟಿಷರ ಕಾಲದಲ್ಲಿ ಕೊಲ್ಲಿಯ ವ್ಯವಹಾರವೆಲ್ಲ ಮುಂಬಯಿಯ ಮುಖ ನೋಡಿಕೊಂಡೇ ಇತ್ತು. ಮಸ್ಕತ್ತಿನಲ್ಲಿ 1864ರಲ್ಲಿ, ಬಹರೈನಿನಲ್ಲಿ 1884ರಲ್ಲಿ, ದುಬೈಯಲ್ಲಿ 1909ರಲ್ಲಿ ತೆರೆದ ಅಂಚೆ ಕಚೇರಿಗಳು ಭಾರತದ ಅಂಚೆ ಇಲಾಖೆಯ ಕಚೇರಿಗಳೇ ಆಗಿದ್ದವು. ಅಲ್ಲಿಯ ಮುತ್ತಿನ ವ್ಯಾಪಾರಿ ಎಣಿಸುತ್ತಿದ್ದುದೂ ರೂಪಾಯಿ, ಕೂಲಿಯವನಿಗೆ ಸಿಗುತ್ತಿದ್ದುದೂ ರೂಪಾಯಿ. ದುಡಿದ ರೂಪಾಯಿ, ಕಳಿಸಿದ ರೂಪಾಯಿ, ಮನೆಗೆ ಮುಟ್ಟಿದ ರೂಪಾಯಿ ಎಲ್ಲ ಒಂದೇ. ಇಂದಿನ ದರ ಎಷ್ಟು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ನಡುವೆ ಸಮುದ್ರ ಇತ್ತು, ಗೆರೆ ಇರಲಿಲ್ಲ.

ಗೆರೆ ಬಿದ್ದದ್ದು ಚಿನ್ನದಿಂದ. ಸ್ವಾತಂತ್ರ್ಯದ ಮೇಲೆ ನಮ್ಮಲ್ಲಿ ಚಿನ್ನದ ಆಮದಿಗೆ ತಡೆ ಬಂತು, ಬೆಲೆ ಏರಿತು. ಕೊಲ್ಲಿಯಿಂದ ಕಳ್ಳತನದಲ್ಲಿ ಚಿನ್ನ ಬರತೊಡಗಿತು. ಅದರ ಬೆಲೆಯಾಗಿ ರೂಪಾಯಿ ನೋಟುಗಳು ಕಟ್ಟುಕಟ್ಟಾಗಿ ಆಚೆ ಹೋದವು. ಅಲ್ಲಿಯ ಬ್ಯಾಂಕುಗಳು ಆ ನೋಟುಗಳನ್ನು ರಿಸರ್ವ್ ಬ್ಯಾಂಕಿಗೆ ಮರಳಿಸಿ ಪೌಂಡು ಕೇಳುತ್ತಿದ್ದವು. ಹೀಗೆ ಕಳ್ಳ ಚಿನ್ನಕ್ಕೆ ನಮ್ಮ ವಿದೇಶಿ ವಿನಿಮಯವೇ ಸಂದಾಯವಾಗುತ್ತಿತ್ತು. ಇದನ್ನು ತಡೆಯಲು 1959ರಲ್ಲಿ ಕಾಯಿದೆ ತಿದ್ದಿ, ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚು ಹಾಕಿಸಿದರು. ಅವುಗಳ ಕ್ರಮಸಂಖ್ಯೆಯ ಮುಂದೆ ‘ಝೆಡ್’ ಅಕ್ಷರ ಇರುತ್ತಿತ್ತು. ಬೆಲೆ ಒಂದೇ, ಆದರೆ ಅಲ್ಲಿಯ ನೋಟು ಇಲ್ಲಿಯ ಅಂಗಡಿಯಲ್ಲಿ ನಡೆಯದು. ರೂಪಾಯಿಯನ್ನು ಎರಡು ಮಾಡಿದ ಮೊದಲ ಗೆರೆ ಇದು.

ಆಮೇಲೆ ಒಂದೊಂದೇ ನಾಡು ತನ್ನ ನಾಣ್ಯ ಮಾಡಿಕೊಂಡಿತು. 1961ರಲ್ಲಿ ಕುವೈತಿನ ದಿನಾರ್ ಬಂತು, 1965ರಲ್ಲಿ ಬಹರೈನಿನ ದಿನಾರ್. 1966ರ ಜೂನ್ 6ರಂದು ನಮ್ಮ ಸರಕಾರ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಒಂದೇ ಸಲಕ್ಕೆ 7 ರೂಪಾಯಿ 50 ಪೈಸೆ ಆಯಿತು. ಕೊಲ್ಲಿ ರೂಪಾಯಿಯನ್ನು ನಂಬಿ ಕೂತವರ ಉಳಿತಾಯವೂ ಅದರೊಂದಿಗೆ ಇಳಿಯಿತು. ಕತಾರ್ ಮತ್ತು ದುಬೈ ಅದೇ ವರ್ಷ ರೂಪಾಯಿಯನ್ನು ಬಿಟ್ಟವು. ಒಮಾನ್ 1970ರಲ್ಲಿ ಬಿಟ್ಟಿತು. 1973ರಲ್ಲಿ ಎಮಿರೇಟುಗಳ ದಿರ್ಹಾಂ ಹುಟ್ಟಿತು.

ಕಾಲದ ಚೋದ್ಯ ನೋಡಿ. ಅದೇ 1973ರಲ್ಲಿ ಎಣ್ಣೆಯ ಬೆಲೆ ಏರಿ, ಮರಳುಗಾಡಿನಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸಕ್ಕೆ ಜನ ಬೇಕಾಯಿತು. ನಮ್ಮ ಕರಾವಳಿಯವರು ದಂಡುದಂಡಾಗಿ ಹೊರಟದ್ದು ಆಗ. ಹಣ ಒಂದೇ ಆಗಿದ್ದಾಗ ಹೋದವರು ಕೆಲವರು. ಹಣದ ನಡುವೆ ಗಡಿ ಬಿದ್ದ ಮೇಲೆ ಹೋದವರು ಲಕ್ಷಗಟ್ಟಲೆ.

ಆ ಗಡಿಯನ್ನು ದಾಟಿಸುವ ಸರಕಾರಿ ದಾರಿ ಹೇಗಿತ್ತು ಎಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅಲ್ಲಿ ಸರದಿಯಲ್ಲಿ ನಿಂತು ಡ್ರಾಫ್ಟ್ ತೆಗೆಯಬೇಕು. ಅದನ್ನು ರಿಜಿಸ್ಟರ್ ಅಂಚೆಯಲ್ಲಿ ಹಾಕಬೇಕು. ಇಲ್ಲವೇ ಊರಿಗೆ ಹೊರಟವನ ಕೈಯಲ್ಲಿ ಕಳಿಸಬೇಕು. ಇಲ್ಲಿ ಅದು ಮುಟ್ಟಿದ ಮೇಲೆ ಬ್ಯಾಂಕಿಗೆ ಕಟ್ಟಿದರೆ, ವಸೂಲಿಗೆ ಹೋಗಿ ಬರುವಷ್ಟರಲ್ಲಿ ವಾರಗಳು ಕಳೆಯುತ್ತಿದ್ದವು. ಹೆಸರಿನ ಒಂದಕ್ಷರ ತಪ್ಪಿದರೆ ಮತ್ತೆ ಸಮುದ್ರ ದಾಟಿಸಬೇಕು. ತಂತಿಯ ಮೂಲಕ ಕಳಿಸುವ ಕ್ರಮವೂ ಇತ್ತು, ಖರ್ಚು ಹೆಚ್ಚು. ದರವೋ, ಸರಕಾರ ಗೊತ್ತುಮಾಡಿದ್ದು. ಪೇಟೆಯಲ್ಲಿ ಸಿಗುವುದಕ್ಕಿಂತ ಕಡಿಮೆ.

ಇದರ ಮಗ್ಗುಲಲ್ಲೇ ಇನ್ನೊಂದು ದಾರಿ ಇತ್ತು. ನಾವು ಹುಂಡಿ ಎನ್ನುತ್ತೇವೆ, ಹವಾಲಾ ಎನ್ನುತ್ತೇವೆ. ಮಲಯಾಳದಲ್ಲಿ ಅದಕ್ಕೆ ಕುಳಲ್‌ಪಣಂ ಎಂದು ಹೆಸರು. ಹುಂಡಿ ಮೊದಲು ಕಳ್ಳ ಮಾತಲ್ಲ. ನಮ್ಮ ಸಾಹುಕಾರರು ಶತಮಾನಗಳ ಕಾಲ ಊರಿಂದೂರಿಗೆ ಹಣ ಮುಟ್ಟಿಸುತ್ತಿದ್ದುದೇ ಹುಂಡಿಯ ಚೀಟಿಯಿಂದ. ಕೊಲ್ಲಿಯ ಕಾಲದಲ್ಲಿ ಅದು ಬೇರೆ ವೇಷ ತೊಟ್ಟಿತು. ಅಲ್ಲಿ ಒಬ್ಬನ ಕೈಗೆ ದಿರ್ಹಾಂ ಕೊಟ್ಟರೆ, ಮಾರನೆಯ ದಿನ ಇಲ್ಲಿ ಇನ್ನೊಬ್ಬ ಮನೆಬಾಗಿಲಿಗೆ ಬಂದು ರೂಪಾಯಿ ಎಣಿಸಿ ಕೊಡುತ್ತಾನೆ. ಹಣ ನಿಜವಾಗಿ ಸಮುದ್ರ ದಾಟುವುದೇ ಇಲ್ಲ. ಅಲ್ಲಿ ಉಳಿದ ದಿರ್ಹಾಂ ಚಿನ್ನಕ್ಕೋ ಮತ್ತೊಂದಕ್ಕೋ ಬಳಕೆಯಾಗುತ್ತದೆ. ಇಲ್ಲಿ ಕೊಟ್ಟ ರೂಪಾಯಿ ಯಾರದೋ ಲೆಕ್ಕವಿಲ್ಲದ ಹಣ.

ಸರಕಾರ ಸುಮ್ಮನಿರಲಿಲ್ಲ. 1970ರಲ್ಲಿ ಹೊರದೇಶದಲ್ಲಿರುವವರಿಗಾಗಿ ಎನ್‌ಆರ್‌ಇ ಖಾತೆ ತಂದಿತು. 1973ರಲ್ಲಿ ಫೆರಾ ಎಂಬ ಬಿಗಿ ಕಾಯಿದೆ, 1974ರಲ್ಲಿ ವಿಚಾರಣೆಯಿಲ್ಲದೆ ಬಂಧಿಸಿಡುವ ಕಾಫಿಪೋಸಾ ಬಂದವು. ಆದರೂ ಹುಂಡಿ ನಿಲ್ಲಲಿಲ್ಲ. ಏಕೆ? ತಾಯಿಯ ಮದ್ದಿಗೆ ನಾಳೆಯೇ ಹಣ ಬೇಕಾದವನು ಆರು ವಾರ ಕಾಯಲಾರ. ಬೆವರಿನ ದುಡ್ಡಿಗೆ ನೂರಕ್ಕೆ ಹತ್ತು ಹೆಚ್ಚು ಸಿಗುವಾಗ ಅದನ್ನು ಬಿಡಲಾರ. ಬಡವನ ಈ ಲೆಕ್ಕ ಕಾಯಿದೆಯ ಪುಸ್ತಕದಲ್ಲಿ ಇರಲಿಲ್ಲ.

ಕಣ್ಣು ತೆರೆಸಿದ್ದು 1990. ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನಿನಿಂದ ವಿಮಾನಗಳಲ್ಲಿ ಕರೆತರಲಾಯಿತು. ಇರಾಕ್ ಆಡಳಿತ ಕುವೈತಿನ ದಿನಾರನ್ನು ರದ್ದುಮಾಡಿದಾಗ, ಗಂಟಿನಲ್ಲಿ ಕಟ್ಟಿಟ್ಟ ನೋಟು ಅಲ್ಲಿಯ ಪೇಟೆಯಲ್ಲಿ ಕಾಗದವಾಯಿತು. ಇತ್ತ ನಮ್ಮ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. 1991ರಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಯಿತು. ಕಷ್ಟಕ್ಕೆ ಚಿನ್ನ ಅಡವಿಡುವುದು ನಮ್ಮ ಮನೆಗಳಿಗೆ ಗೊತ್ತಿದ್ದ ಸಂಗತಿ. ದೇಶವೂ ಅದನ್ನೇ ಮಾಡಿತು.

ಆ ಮೇಲೆ ಆದ ಬದಲಾವಣೆಯನ್ನು ಗಮನಿಸಿ. 1992ರ ಮಾರ್ಚಿನಲ್ಲಿ ಹೊರಗಿನಿಂದ ಬಂದ ಹಣದ ನೂರಕ್ಕೆ ಅರವತ್ತು ಪಾಲಿಗೆ ಪೇಟೆಯ ದರ ಕೊಟ್ಟರು. 1993ರ ಮಾರ್ಚಿನಲ್ಲಿ ಪೂರ್ತಿ ಹಣಕ್ಕೇ ಪೇಟೆಯ ದರ ಬಂತು. ಊರಿಗೆ ಮರಳುವವರು ಸುಂಕ ಕೊಟ್ಟು ಐದು ಕಿಲೋ ತನಕ ಚಿನ್ನ ತರಬಹುದೆಂದರು. 1990-91ರಲ್ಲಿ ಹೊರಗಿನಿಂದ ಮನೆಗಳಿಗೆ ಬಂದ ಹಣ ಸುಮಾರು 200 ಕೋಟಿ ಡಾಲರ್. 1996-97ರಲ್ಲಿ ಅದು 1,200 ಕೋಟಿ ಡಾಲರ್ ದಾಟಿತು. ಇದರಲ್ಲಿ ಚಿನ್ನವಾಗಿ ಬಂದದ್ದೂ ಉಂಟು, ಅಮೆರಿಕಕ್ಕೆ ಹೋದವರದೂ ಉಂಟು. ಆದರೂ ಜನ ಕಳ್ಳದಾರಿ ಹಿಡಿದದ್ದು ಕಳ್ಳಬುದ್ಧಿಯಿಂದಲ್ಲ, ನೇರ ದಾರಿ ಹಾಳಾಗಿದ್ದರಿಂದ ಎಂಬುದು ಇದರಿಂದ ತಿಳಿಯುತ್ತದೆ. ಫೆರಾ ಕೂಡ 2000ದ ಜೂನ್ 1ರಂದು ಹೋಗಿ, ಅದರ ಜಾಗಕ್ಕೆ ಫೆಮಾ ಬಂತು.

ದರ ಸರಿಯಾದ ಮೇಲೆ ದಾರಿಯೂ ಚುರುಕಾಯಿತು. ಬ್ಯಾಂಕುಗಳ ನಡುವೆ ಸಂದೇಶ ಒಯ್ಯುವ ಸ್ವಿಫ್ಟ್ ಜಾಲ 1977ರಿಂದ ಕೆಲಸ ಮಾಡುತ್ತಿತ್ತು. ಭಾರತ ಅದಕ್ಕೆ ಸೇರಿದ್ದು 1991ರಲ್ಲಿ. 2001ರಲ್ಲಿ ಅಂಚೆ ಕಚೇರಿಗಳಲ್ಲೇ ವೆಸ್ಟರ್ನ್ ಯೂನಿಯನ್ ಮೂಲಕ ಹಣ ಸಿಗತೊಡಗಿತು. ದೇಶದೊಳಗೆ 2005ರಲ್ಲಿ ನೆಫ್ಟ್, 2010ರಲ್ಲಿ ರಾತ್ರಿ ಹಗಲೆನ್ನದೆ ನಡೆಯುವ ಐಎಂಪಿಎಸ್ ಬಂದವು. 2023ರ ಫೆಬ್ರವರಿಯಿಂದ ಸಿಂಗಪುರದಲ್ಲಿರುವವರು ಫೋನಿನಿಂದ ನೇರ ನಮ್ಮ ಯುಪಿಐಗೆ ಹಣ ಕಳಿಸುವ ಏರ್ಪಾಡೂ ಆಗಿದೆ. 2022ರಲ್ಲಿ ಭಾರತಕ್ಕೆ ಹೀಗೆ ಬಂದ ಹಣ ವಿಶ್ವ ಬ್ಯಾಂಕಿನ ಲೆಕ್ಕದಂತೆ 10,000 ಕೋಟಿ ಡಾಲರ್ ದಾಟಿತು. ಅಷ್ಟು ಹಣ ಪಡೆದ ಮೊದಲ ದೇಶ ನಮ್ಮದು.

ಇದು ನಡೆಯುವ ಬಗೆ ತಿಳಿದರೆ ಹೆದರಿಕೆ ಕಡಿಮೆಯಾಗುತ್ತದೆ. ದುಬೈಯ ವಿನಿಮಯ ಸಂಸ್ಥೆ ನಮ್ಮ ದೇಶದ ಬ್ಯಾಂಕಿನಲ್ಲಿ ಮೊದಲೇ ರೂಪಾಯಿಯ ಖಾತೆ ಇಟ್ಟಿರುತ್ತದೆ. ಮಗ ಅಲ್ಲಿ ದಿರ್ಹಾಂ ಕಟ್ಟಿದೊಡನೆ ಅದು ಇಲ್ಲಿಯ ಬ್ಯಾಂಕಿಗೆ ಸಂದೇಶ ಕಳಿಸುತ್ತದೆ. ಆ ಖಾತೆಯಿಂದ ರೂಪಾಯಿ ತೆಗೆದು ನಿಮ್ಮ ಖಾತೆಗೆ ಹಾಕುತ್ತಾರೆ. ಅಂದರೆ ವಿನಿಮಯ ಆಚೆ ದಡದಲ್ಲೇ ಆಗಿರುತ್ತದೆ. ಡಾಲರಾಗಿಯೇ ಸ್ವಿಫ್ಟ್‌ನಲ್ಲಿ ಬಂದರೆ ಮಾತ್ರ ಇಲ್ಲಿಯ ಬ್ಯಾಂಕು ತನ್ನ ದರದಲ್ಲಿ ರೂಪಾಯಿ ಮಾಡುತ್ತದೆ. ಆದ್ದರಿಂದ ಕಳಿಸುವ ಖರ್ಚು ಎಷ್ಟು ಎಂದು ಕೇಳಿದರೆ ಸಾಲದು; ಕೊನೆಗೆ ಕೈಗೆ ಎಷ್ಟು ರೂಪಾಯಿ ಮುಟ್ಟುತ್ತದೆ ಎಂದು ಕೇಳಬೇಕು.

ಈಗ ನಮ್ಮನ್ನು ಗುರುತಿಸುವ ಮಾತು. ಡ್ರಾಫ್ಟಿನ ಕಾಲದಲ್ಲಿ ಅಂಚೆಯವನು ಮುಖ ನೋಡಿ ಕೊಡುತ್ತಿದ್ದ, ಬ್ಯಾಂಕಿನವರು ಸಹಿ ನೋಡಿ ಕೊಡುತ್ತಿದ್ದರು. ಹುಂಡಿಯವನಿಗೂ ಮನೆ ಗೊತ್ತಿತ್ತು. ಈಗ ನೋಡುವುದು ಅಂಕಿ. ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆಯ ಸಂಖ್ಯೆಯ ಮೇಲೆಯೇ. ಒಂದು ಅಂಕಿ ತಪ್ಪಿದರೆ ಬೇರೆಯವರ ಮನೆ ಸೇರಬಹುದು. ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಹನ್ನೊಂದು ಅಕ್ಷರದ್ದು. ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ನಮ್ಮ ಕರಾವಳಿಯ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 2021ರ ಜುಲೈಯಿಂದ ಅದರ ಹಳೆಯ ಸಂಕೇತಗಳು ನಡೆಯದಾದವು. ಇಲ್ಲೂ ಜನ ಕದಲಲಿಲ್ಲ, ಗೆರೆ ಕದಲಿತು. ಹಳೆಯ ಪಾಸ್‌ಪುಸ್ತಕ ನೋಡಿ ಅಂಕಿ ಹೇಳುವವರು ಇದನ್ನು ಮರೆಯಬಾರದು.

ಇನ್ನೊಂದು ಎಚ್ಚರಿಕೆ. ಹುಂಡಿ ಸತ್ತಿಲ್ಲ, ಅದೂ ಫೋನು ಹಿಡಿದಿದೆ. ಮಗ ಅಲ್ಲಿ ಯಾರ ಕೈಗೋ ದಿರ್ಹಾಂ ಕೊಡುತ್ತಾನೆ. ಇಲ್ಲಿ ಗುರುತಿಲ್ಲದ ಯಾರದೋ ಖಾತೆಯಿಂದ ನಿಮ್ಮ ಖಾತೆಗೆ ರೂಪಾಯಿ ಬೀಳುತ್ತದೆ. ಆ ಹಣ ಬೇರೆ ಊರಿನಲ್ಲಿ ಯಾರನ್ನೋ ವಂಚಿಸಿ ತೆಗೆದದ್ದಾದರೆ, ಪೊಲೀಸರ ಜಾಡು ನಿಮ್ಮ ಖಾತೆಗೆ ಬಂದು ನಿಲ್ಲುತ್ತದೆ. ಖಾತೆ ಸ್ಥಗಿತವಾಗುತ್ತದೆ, ಮನೆಖರ್ಚು ನಿಲ್ಲುತ್ತದೆ. ಹೊರಗಿರುವವರ ಪರವಾಗಿ ಅಧಿಕೃತರಲ್ಲದವರಿಂದ ಹಣ ಪಡೆಯುವುದು ಫೆಮಾದಂತೆಯೂ ತಪ್ಪು. ದಂಡ ಆ ಮೊತ್ತದ ಮೂರು ಪಟ್ಟಿನ ತನಕ ಹೋಗಬಹುದು. ಜಮೆಯ ವಿವರದಲ್ಲಿ ಬ್ಯಾಂಕಿನ ಇಲ್ಲವೇ ವಿನಿಮಯ ಸಂಸ್ಥೆಯ ಹೆಸರಿಲ್ಲದೆ, ಕಂಡರಿಯದ ವ್ಯಕ್ತಿಯ ಹೆಸರಿದ್ದರೆ ಅಂದೇ ಮಗನನ್ನು ಕೇಳಿ. ಕಮಿಷನ್ ಕೊಡುತ್ತೇನೆ, ನಿಮ್ಮ ಖಾತೆ ಸ್ವಲ್ಪ ದಿನ ಕೊಡಿ ಎಂದವರಿಗೆ ಕೊಡಬೇಡಿ. ಹೊರದೇಶಕ್ಕೆ ಹೋದವರು ತಮ್ಮ ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು ಎಂಬುದೂ ನೆನಪಿರಲಿ.

ಕಡೆಯದಾಗಿ ಒಂದು ಮಾತು, ಮನೆಯಲ್ಲಿ ಉಳಿದ ಹೆಂಗಸರಿಗೆ. ಡ್ರಾಫ್ಟಿನ ಕಾಲದಲ್ಲಿ ಹಣ ಬರುತ್ತಿದ್ದುದು ಹೆಚ್ಚಾಗಿ ಮಾವನ ಹೆಸರಿಗೆ, ಅಣ್ಣನ ಹೆಸರಿಗೆ. ಗಂಡ ದುಡಿದದ್ದು ಎಷ್ಟು ಎಂದು ಹೆಂಡತಿಗೆ ತಿಳಿಯುತ್ತಿದ್ದುದು ಕಾಗದ ಬಂದರೆ ಮಾತ್ರ. ಈಗ ಖಾತೆ ನಿಮ್ಮದೇ ಹೆಸರಿನಲ್ಲಿರಬಹುದು, ಸಂದೇಶ ನಿಮ್ಮ ಫೋನಿಗೇ ಬರಬಹುದು. ಆದರೆ ಬಂದ ಸಂದೇಶವನ್ನು ನೆರೆಮನೆಯ ಹುಡುಗ ಓದಿ ಹೇಳಬೇಕಾದರೆ, ಗುಟ್ಟಿನ ಸಂಖ್ಯೆ ಅವನಿಗೂ ಗೊತ್ತಿದ್ದರೆ, ಖಾತೆ ನಿಮ್ಮದಾಗಿಯೂ ನಿಮ್ಮದಲ್ಲ. ಎರಡು ಭಾಷೆಯನ್ನು ಸಲೀಸಾಗಿ ಆಡುವವರು ನೀವು. ಜಮೆ, ಖರ್ಚು, ಬಾಕಿ, ಈ ಮೂರು ಇಂಗ್ಲಿಷ್ ಮಾತುಗಳನ್ನು ಗುರುತಿಸಲು ಕಲಿಯುವುದು ನಿಮಗೆ ದೊಡ್ಡದಲ್ಲ. ರೂಪಾಯಿ ತನ್ನ ಗಡಿಯನ್ನು ಈಗ ಕ್ಷಣದಲ್ಲಿ ದಾಟುತ್ತದೆ. ದಾಟಿ ಬಂದದ್ದು ಯಾರ ಕೈ ಸೇರಿತು ಎಂದು ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮದೇ.