ಅಯುತ್ಥಯ: ನದಿ, ನಗರ ಮತ್ತು ಇತಿಹಾಸ

ಥಾಯ್ಲೆಂಡಿನ ಮಧ್ಯಭಾಗದ ಅಯುತ್ಥಯ ಪ್ರಾಂತವು ಚಾವೊ ಫ್ರಾಯ ನದಿಯ ಮೆಕ್ಕಲು ಬಯಲಿನಲ್ಲಿದೆ. ಚಾವೊ ಫ್ರಾಯ, ಪಾ ಸಾಕ್ ಮತ್ತು ಲೊಪ್‌ಬುರಿ ನದಿಗಳು ಕೂಡುವೆಡೆಯಲ್ಲಿ, ಸುತ್ತಲೂ ನೀರಿನಿಂದ ಆವೃತವಾದ ದ್ವೀಪದ ಮೇಲೆ ಹಳೆಯ ರಾಜಧಾನಿಯಿತ್ತು. ಅದರ ಹೆಸರು ರಾಮಾಯಣದ ಅಯೋಧ್ಯೆಯಿಂದ ಬಂದುದು. 1351ರಲ್ಲಿ ನಗರವನ್ನು ಸ್ಥಾಪಿಸಿದ ಊ ಥೋಂಗ್ ದೊರೆ ರಾಮಾಧಿಪತಿ ಎಂಬ ಅಭಿಧಾನವನ್ನು ಧರಿಸಿದನು. ಥೇರವಾದ ಬೌದ್ಧಧರ್ಮವನ್ನು ಪೋಷಿಸಿದ ಈ ಅರಸರ ಆಸ್ಥಾನದಲ್ಲಿ ರಾಜ್ಯಾಭಿಷೇಕಾದಿ ವಿಧಿಗಳನ್ನು ಬ್ರಾಹ್ಮಣರು ನಡೆಸುತ್ತಿದ್ದರು.

ನಗರದ ಏಳಿಗೆಗೂ ಪತನಕ್ಕೂ ನೀರಿನ ನಂಟಿದೆ. ವರ್ಷವರ್ಷವೂ ಬರುತ್ತಿದ್ದ ನೆರೆ ಭತ್ತದ ಬೆಳೆಗೆ ಆಧಾರವಾಗಿತ್ತು. ಮುತ್ತಿಗೆ ಹಾಕಿದ ಸೈನ್ಯಗಳನ್ನು ಹಿಮ್ಮೆಟ್ಟಿಸುವ ರಕ್ಷಣೆಯೂ ಅದೇ ಆಗಿತ್ತು. ಸಮುದ್ರದಿಂದ ನದಿಯ ಮೂಲಕ ಹಡಗುಗಳು ನಗರದವರೆಗೆ ಬರುತ್ತಿದ್ದುದರಿಂದ ಚೀನೀಯರು, ಪರ್ಷಿಯನ್ನರು, ಜಪಾನೀಯರು, ಪೋರ್ಚುಗೀಸರು ಮತ್ತು ಡಚ್ಚರು ಇಲ್ಲಿ ನೆಲೆಸಿದರು. ನಾರಾಯ್ ದೊರೆಯ ಆಳ್ವಿಕೆಯಲ್ಲಿ (1656–1688) ಫ್ರಾನ್ಸಿನೊಡನೆ ರಾಯಭಾರಗಳ ವಿನಿಮಯವಾಯಿತು.

1766ರಲ್ಲಿ ಮುತ್ತಿಗೆ ಹಾಕಿದ ಬರ್ಮಾ ಸೈನ್ಯ ಮಾತ್ರ ಮಳೆಗಾಲದಲ್ಲಿಯೂ ಹಿಂದಿರುಗಲಿಲ್ಲ. ಎತ್ತರದ ನೆಲೆಗಳಲ್ಲಿಯೂ ದೋಣಿಗಳಲ್ಲಿಯೂ ಅದು ನೆರೆಯನ್ನು ಕಳೆಯಿತು. ನೀರಿನ ಮೇಲಿಟ್ಟ ಭರವಸೆ ಹುಸಿಯಾಗಿ, 1767ರ ಏಪ್ರಿಲಿನಲ್ಲಿ ನಗರ ಶತ್ರುವಶವಾಗಿ ಸುಟ್ಟುಹೋಯಿತು. ಅರಮನೆಯ ದಾಖಲೆಗಳು ಬಹುಮಟ್ಟಿಗೆ ನಾಶವಾದುದರಿಂದ, ಅಯುತ್ಥಯದ ಇತಿಹಾಸರಚನೆಗೆ ವಿದೇಶೀಯರ ಬರಹಗಳು ಅನಿವಾರ್ಯ ಆಕರಗಳಾಗಿವೆ. ಅನಂತರ ತಾಕ್‌ಸಿನ್ ದೊರೆ ಅದೇ ನದಿಯ ಕೆಳದಂಡೆಯ ಥೊನ್‌ಬುರಿಯನ್ನು ರಾಜಧಾನಿಯಾಗಿಸಿಕೊಂಡನು. 1782ರ ಬಳಿಕ ಬ್ಯಾಂಕಾಕ್ ನಗರವನ್ನು ಕಟ್ಟಲು ಪಾಳುಬಿದ್ದ ಅಯುತ್ಥಯದ ಇಟ್ಟಿಗೆಗಳನ್ನೂ ಸಾಗಿಸಲಾಯಿತು.

1991ರಲ್ಲಿ ಯುನೆಸ್ಕೋ ಈ ಅವಶೇಷಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2011ರ ಮಹಾನೆರೆಯಲ್ಲಿ, 1630ರಲ್ಲಿ ನಿರ್ಮಾಣಗೊಂಡ ಚೈವತ್ಥನಾರಾಮ ವಿಹಾರವೂ ಸೇರಿ ಅನೇಕ ಸ್ಮಾರಕಗಳು ಜಲಾವೃತವಾದವು. ಹಿಂದೆ ನಗರವನ್ನು ಕಾಯುತ್ತಿದ್ದ ನೆರೆಯಿಂದಲೇ ಅದರ ಅವಶೇಷಗಳನ್ನು ಕಾಪಾಡಬೇಕಾಗಿರುವುದು ಈ ಪ್ರಾಂತದ ಇಂದಿನ ಹೊಣೆಯಾಗಿದೆ.